ಕುಳಿತರೆ ನೋವು, ಮಲಗಿದರೆ ಮಾಯ

ಮಾನ್ಯ ಸಂಪಾದಕರೇ,

ಕಳೆದ ಆಷಾಢದಲ್ಲಿ ನನ್ನ ಮಗಳಿಗೆ ಸಿಸೇರಿಯನ್ ಆಯಿತು. ಮೂರನೆಯ ದಿನದಿಂದ ತಲೆನೋವು. ಹಾಲೂಡಿಸಲು ಎದ್ದು ಕುಳಿತರೆ ಕತ್ತಿನಿಂದ ಹಣೆಯವರೆಗೆ ಸಿಡಿತ. ಮಲಗಿದ ಹತ್ತೇ ನಿಮಿಷದಲ್ಲಿ ಮಾಯ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನೇ 'ಬಾಣಂತಿಗೆ ಶೀತ ಹೊಕ್ಕಿದೆ' ಎಂದು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಮೆಣಸಿನ ಸಾರು ಕುಡಿಸಿದೆ. ಫೋನಿನಲ್ಲಿ ಕೇಳಿದರೆ ಆಸ್ಪತ್ರೆಯಿಂದ ಬಂದ ಉತ್ತರ: ನಿದ್ದೆಗೇಡು, ಪ್ಯಾರಾಸಿಟಮಾಲ್ ಕೊಡಿ.

ತೊಟ್ಟಿಲು ಶಾಸ್ತ್ರದ ದಿನ ಮಗಳು, 'ಎರಡು ಗಿಳಿ ಯಾಕೆ ಕಟ್ಟಿದೆ ಅಮ್ಮ?' ಎಂದಳು. ನಾನು ಕಟ್ಟಿದ್ದು ಒಂದೇ ಬಟ್ಟೆಯ ಗಿಳಿ.

ಅಂದೇ ಶಿವಮೊಗ್ಗಕ್ಕೆ ಓಡಿದೆವು. ಅಲ್ಲಿನ ನರರೋಗ ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಅರಿವಳಿಕೆಗೆ ಬೆನ್ನಿಗೆ ಚುಚ್ಚಿದ ಸೂಜಿಯ ತೂತು ಮುಚ್ಚಿರಲಿಲ್ಲ. ಮಿದುಳು, ಬೆನ್ನುಹುರಿಗಳ ಸುತ್ತ ಇರುವ ನೀರು ಒಟ್ಟು ಸುಮಾರು 150 ಮಿಲಿಲೀಟರ್. ಅದು ಸೋರಿದಂತೆ, ತೇಲಬೇಕಾದ ಮಿದುಳು ಎದ್ದು ಕುಳಿತಾಗ ಕೆಳಕ್ಕೆ ಜಗ್ಗುತ್ತದೆ. ಕಣ್ಣು ಹೊರಳಿಸುವ ನರ ಸೆಳೆದುಕೊಂಡು ನೋಟ ಎರಡಾಗುತ್ತದೆ. ಮಿದುಳಿನ ಮೇಲ್ಭಾಗದ ರಕ್ತನಾಳ ಹರಿದರೆ ಪೊರೆಯ ಕೆಳಗೆ ರಕ್ತ ಸೇರುತ್ತದೆ. ಸ್ಕ್ಯಾನಿನಲ್ಲಿ ಅದರ ತೆಳು ಪದರವೂ ಕಂಡಿತು. ಅವಳದೇ ತೋಳಿನಿಂದ 20 ಮಿಲಿಲೀಟರ್‌ನಷ್ಟು ರಕ್ತ ತೆಗೆದು ತೂತಿನ ಬಳಿ ಬೆನ್ನಿಗೆ ತುಂಬಿದರು. ಅದು ಹೆಪ್ಪುಗಟ್ಟಿ ಬೆಸುಗೆಯಾಯಿತು. ಮರುದಿನ ಬೆಳಿಗ್ಗೆ ಮಗಳು ಕುಳಿತೇ ಹಾಲೂಡಿಸಿದಳು. ನೋಟ ಒಂದಾಗಲು ಮಾತ್ರ ಎರಡು ತಿಂಗಳು ಹಿಡಿಯಿತು.

ಇದೇನು ಹೊಸ ಕಾಯಿಲೆಯಲ್ಲ. ಈ ಅರಿವಳಿಕೆಯನ್ನು ಬಳಕೆಗೆ ತಂದ ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ತನ್ನ ಬೆನ್ನಿಗೇ ಸೂಜಿ ಚುಚ್ಚಿಸಿಕೊಂಡು, ಇದೇ ತಲೆನೋವಿನಿಂದ ದಿನಗಟ್ಟಲೆ ಮಲಗಿದ್ದನಂತೆ.

'ಅದಕ್ಕೇ ಬೆನ್ನಿನ ಇಂಜೆಕ್ಷನ್ ಬೇಡ ಎನ್ನುವುದು' ಎಂದು ನೆರೆಯವರು ಈಗ ನನಗೇ ಪಾಠ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿಸೇರಿಯನ್‌ಗೆ ಅದು ಒಳ್ಳೆಯ ವಿಧಾನವೇ. ಸೂಜಿಗಳೂ ಈಗ ಸಪೂರವಾಗಿವೆ. ನನ್ನ ತಕರಾರು ಬಿಡುಗಡೆ ಚೀಟಿಯ ಬಗ್ಗೆ. ಹೊಲಿಗೆ, ಮಾತ್ರೆ, ಮಗುವಿನ ಲಸಿಕೆ ಎಲ್ಲವೂ ಅದರಲ್ಲಿದ್ದವು. 'ಕುಳಿತಾಗ ಬಂದು ಮಲಗಿದಾಗ ಹೋಗುವ ತಲೆನೋವಾದರೆ ತಡಮಾಡದೆ ಬನ್ನಿ' ಎಂಬ ಒಂದು ಸಾಲು ಇರಲಿಲ್ಲ. ಚೀಟಿಯ ಅಡಿಯಲ್ಲಿ ಎರಡು ಬೆರಳಗಲ ಜಾಗ ಖಾಲಿಯೇ ಇತ್ತು.

– ನಿವೃತ್ತ ಶಿಕ್ಷಕಿ, ಸಾಗರ