ಸೇವೆ ಅಂದರೆ ಪೊರಕೆ ಹಿಡಿದ ಫೋಟೊನಾ?

ಸಂಪಾದಕರೇ,

ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಸೇವಾ ದಿನದಂದು ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡು ಬಂದಳು, ಅಷ್ಟೇ. ಕಾಲೇಜಿನವರಿಗೆ 1969ರಿಂದ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆ, ವರ್ಷಕ್ಕೆ 120 ಗಂಟೆ ಕೆಲಸ. ಹೈಸ್ಕೂಲಿನವರಿಗೆ ಅದರ ಕಾಲುಭಾಗವಾದರೂ ಬೇಡವಾ? ದೀಪಾವಳಿ ಆಸುಪಾಸಿನಲ್ಲಿ ಹಾಸನಾಂಬೆ ಗುಡಿ ಬಾಗಿಲು ತೆರೆದಾಗ ಸಾಲಿನಲ್ಲಿ ನಿಂತು ಸುಸ್ತಾದ ಅಜ್ಜಿಯರಿಗೆ ನೀರು ಕೊಡಲಿ, ದಾರಿ ತೋರಿಸಲಿ, ಆಮೇಲೆ ಕ್ಲಾಸಿಗೆ ಬಂದು ಎಷ್ಟು ನೀರು ಖರ್ಚಾಯಿತು, ಎಷ್ಟು ಲೋಟ ಕಸಕ್ಕೆ ಬಿತ್ತು ಅಂತ ಲೆಕ್ಕ ಹಾಕಿ ಗಣಿತದ ಮೇಷ್ಟ್ರಿಗೆ ತೋರಿಸಲಿ. ಕಲಿಕೆ ಆಗುವುದು ಅಲ್ಲೇ ಅಲ್ವಾ? ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬಿಟ್ಟುಬಿಡಿ, ಅಪ್ಪ-ಅಮ್ಮ ಒಪ್ಪುವುದಿಲ್ಲ (ನಾನೂ ಒಪ್ಪುವುದಿಲ್ಲ). ಎಂಟು, ಒಂಬತ್ತನೇ ಕ್ಲಾಸಿನವರಿಂದ ಈ ವರ್ಷವೇ ಶುರು ಮಾಡಬಹುದು.

– ಒಬ್ಬ ತಾಯಿ, ಹಾಸನ