ಆರ್ಕಿಟೆಕ್ಚರ್ ಶಾಲೆಯ ಚರಿತ್ರೆ ಡ್ರಾಯಿಂಗ್ ಶೀಟಲ್ಲಿ ಉಂಟು

ಸಂಪಾದಕರಿಗೆ ನಮಸ್ಕಾರ,

ಮಣಿಪಾಲದ ಆರ್ಕಿಟೆಕ್ಚರ್ ಶಾಲೆ ಬಗ್ಗೆ ಯಾರೇ ಬರೆದ್ರೂ 1978ರಲ್ಲಿ ಶುರುವಾಯ್ತು, ಮೊದ್ಲು ಇಲ್ಲಿನ ಇಂಜಿನಿಯರಿಂಗ್ ಕಾಲೇಜು ಎಂಐಟಿ ಒಳಗಿತ್ತು, ಆಮೇಲೆ ಬೇರೆ ಆಯ್ತು ಅಂತ ಹೇಳಿ ಮುಗಿಸ್ತಾರೆ. ಅಷ್ಟು ಸಾಲುದಿಲ್ಲ. ದೇಶದಲ್ಲಿ ಆರ್ಕಿಟೆಕ್ಟರ ಕಸುಬಿಗೆ ನಿಯಮ ಹಾಕಿದ ಆರ್ಕಿಟೆಕ್ಟ್ಸ್ ಆಕ್ಟ್ ಬಂದದ್ದೇ 1972ರಲ್ಲಿ, ಅದಾಗಿ ಆರೇ ವರ್ಷಕ್ಕೆ ಇಲ್ಲಿ ಕೋರ್ಸ್ ಶುರುವಾದದ್ದು ಸಣ್ಣ ಸಂಗತಿ ಅಲ್ಲ, ಆದ್ರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುದು ಮಕ್ಕಳು ಬಿಡಿಸುವ ಮೆಷರ್ಡ್ ಡ್ರಾಯಿಂಗ್, ಅಂದ್ರೆ ಇರುವ ಕಟ್ಟಡವನ್ನ ಅಳೆದು ಬಿಡಿಸುವ ನಕ್ಷೆ.

ಆರ್ಕಿಟೆಕ್ಚರ್ ಓದುವವ್ರು ಹಳೇ ಮನೆಗೆ ಬಂದು ಅಳತೆ ತಗೊಳ್ಳುದನ್ನ ನೋಡಿದವ್ರಿಗೆ ಗೊತ್ತುಂಟು. ಒಬ್ಬ ಅಟ್ಟಕ್ಕೆ ಹತ್ತಿ ಟೇಪು ಇಳಿಬಿಡ್ತಾನೆ, ಕೆಳಗೆ ಒಬ್ಳು ಕೂಗಿ ಕೇಳಿ ಬರ್ಕೊಳ್ತಾಳೆ, ಮಾಡು ಹೊರುವ ಮರದ ಪಕ್ಕಾಸಿನ ಅಂತರ, ಮುಚ್ಚಿಗೆಯ ಹಲಗೆ, ಚಾವಡಿ ಕಂಬದ ಕೆತ್ತನೆ, ಒಂದೂ ಬಿಡುದಿಲ್ಲ. ಜಗಲಿಗೆ ಹತ್ತುವಾಗ ತಲೆ ಬಗ್ಗಿಸ್ಬೇಕು, ಮಾಡು ಅಷ್ಟು ಕೆಳಗೆ ಯಾಕೆ ಬಂತು ಅಂದ್ರೆ ವರ್ಷಕ್ಕೆ 4000 ಮಿಲಿಮೀಟರ್ ಹತ್ರ ಸುರಿಯುವ ಮಳೆ ಮುರಕಲ್ಲಿನ ಗೋಡೆಗೆ ಬಡಿಬಾರ್ದು ಅಂತ. ಇದೆಲ್ಲ ಆ ಶೀಟಲ್ಲಿ ಅಳತೆ ಸಮೇತ ಇರ್ತದೆ. ಈಗ ಅಂಥ ಎಷ್ಟೋ ಮನೆ ಬಿದ್ದಿದೆ, ಪಾಲಾಗಿದೆ, ಜಾಗದಲ್ಲಿ ಆರ್‌ಸಿಸಿ ಬಂದಿದೆ.

ವಿಜಯನಾಥ ಶೆಣೈಯವ್ರು ಬ್ಯಾಂಕಲ್ಲಿದ್ದವ್ರು, ಆರ್ಕಿಟೆಕ್ಟ್ ಅಲ್ಲ, ಆದ್ರೂ ಕೆಡವ್ಲಿಕ್ಕಿದ್ದ ಮನೆಗಳನ್ನ ಬಿಚ್ಚಿಸಿ ತಂದು ಮಣಿಪಾಲದ ಹೆರಿಟೇಜ್ ವಿಲೇಜಲ್ಲಿ ಪುನಃ ನಿಲ್ಲಿಸಿದ್ರು, ಮಿಯಾರಿನ ಮನೆ ಇರ್ಲಿ ಹರ್ಕೂರಿನ ಒಳಗಿನಮನೆ ಇರ್ಲಿ ಇವತ್ತು ನಾವು ಒಳಗೆ ಹೋಗಿ ನೋಡ್ಬಹುದು. ಎಲ್ಲ ಮನೆಯನ್ನೂ ಹಾಗೆ ತರ್ಲಿಕ್ಕೆ ಆಗ್ತದಾ? ಬಿದ್ದ ಮನೆ ಹೇಗಿತ್ತು ಅಂತ ತಿಳಿಯುದಕ್ಕೆ ಯಾವುದೋ ಬ್ಯಾಚಿನವ್ರು ಬಿಡಿಸಿದ ಒಂದು ಶೀಟೇ ಗತಿ.

ಹಾಗಾಗಿ ಮಣಿಪಾಲ ಅಂತಲ್ಲ, ಕರಾವಳಿಯ ಮನೆ ಅಳೆದ ಎಲ್ಲ ಕಾಲೇಜಿನವ್ರಲ್ಲೂ ಕೇಳುದು ಇಷ್ಟೇ, ಹಳೇ ಬ್ಯಾಚಿನ ಶೀಟುಗಳು ಎಲ್ಲೆಲ್ಲಿ ಉಳಿದಿದೆಯೋ ಹುಡುಕಿ ಸ್ಕ್ಯಾನ್ ಮಾಡಿಸಿ, ಊರು, ವರ್ಷ, ಬಿಡಿಸಿದವ್ರ ಹೆಸ್ರು ಹಾಕಿ, ಜನ ನೋಡುವ ಹಾಗೆ ಇಡಿ. ಮನೆಯವ್ರಿಗೂ ಒಂದು ಕಾಪಿ ಕೊಡಿ, ನಾಳೆ ಒಂದು ಪಕ್ಕಾಸು ಬದ್ಲಿಸುವಾಗ ಆಚಾರಿಗೆ ತೋರಿಸ್ಲಿಕ್ಕಾದ್ರೂ ಬೇಕಾಗ್ತದೆ. ಹಳೇ ವಿದ್ಯಾರ್ಥಿಗಳ ಮನೆಯ ಕಪಾಟಲ್ಲೂ ಸುರುಳಿ ಸುತ್ತಿ ಇಟ್ಟದ್ದು ಇರ್ಬಹುದು, ಗೆದ್ದಲು ಹಿಡಿಯುವ ಮೊದ್ಲು ಅವ್ರು ತಂದು ಕೊಡ್ಲಿ.

ಒಬ್ಬ ಓದುಗ, ಪರ್ಕಳ