ಬಿಟ್ಟುಬಿಟ್ಟ ಆಟವೊಂದರ ಬಗ್ಗೆ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

‘ಔಟರ್ ವೈಲ್ಡ್ಸ್’ ಎಂಬ ಬಾಹ್ಯಾಕಾಶದ ವಿಡಿಯೊ ಆಟವನ್ನು ಮೂರೇ ದಿನಕ್ಕೆ ಬಿಟ್ಟೆ ಎಂದು ಬರೆದಿದ್ದೀಯ. ಓದಿ ಬೇಸರವಾಯಿತು. ನಿನ್ನ ದೂರುಗಳಲ್ಲಿ ಅರ್ಧ ನನ್ನವೂ ಹೌದು. ಆದರೂ ಒಂದು ಮಾತು ಹೇಳದೆ ಇರಲಾರೆ.

22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ಕಾಲ ಹಿಂದಕ್ಕೆ ಸರಿದು ನೀನು ಮತ್ತೆ ಅದೇ ಬೆಂಕಿಯ ಪಕ್ಕದಲ್ಲಿ ಕಣ್ಣು ಬಿಡುತ್ತೀಯ. ಇಷ್ಟೆಲ್ಲ ಮಾಡಿ ಏನೂ ಗಳಿಸಲಿಲ್ಲ ಎಂಬುದು ನಿನ್ನ ಸಿಟ್ಟು. ನೌಕೆ ಮೊದಲ ದಿನ ಹೇಗಿತ್ತೋ ಕೊನೆಯ ದಿನವೂ ಹಾಗೆಯೇ ಇರುತ್ತದೆ, ನಿಜ. ಬದಲಾಗುವುದು ಅದನ್ನು ನಡೆಸುವವನ ತಿಳಿವಳಿಕೆ. ನೌಕೆಯ ದಾಖಲೆಯಲ್ಲಿ ಉಳಿಯುವುದೂ ಅದೊಂದೇ. 2019ರಲ್ಲಿ ಬಂದ ಈ ಆಟ ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿದ್ದು; ಇಷ್ಟು ಹಟದ ಕಲ್ಪನೆ ಅಂಥ ಕಡೆಯೇ ಚಿಗುರಬೇಕೇನೋ.

ಆ ಜೋಡಿ ಗ್ರಹಗಳಿಗೆ ಹೋಗಿದ್ದೆಯಾ? ಆಶ್ ಟ್ವಿನ್‌ನಿಂದ ಎಂಬರ್ ಟ್ವಿನ್‌ಗೆ ಮರಳು ಕಂಬದಂತೆ ಸುರಿಯುತ್ತಲೇ ಇರುತ್ತದೆ. ನಾನು ಎಂಬರ್‌ನ ಗುಹೆಯೊಂದರಲ್ಲಿ ಗೋಡೆಯ ಮೇಲಿನ ಹಳೆಯ ಬರಹ ಓದುತ್ತ ಮೈಮರೆತಿದ್ದೆ. ಕಾಲಡಿಯ ಮರಳು ಏರುತ್ತ ಬಂದದ್ದು ತಲೆ ಚಾವಣಿಗೆ ತಾಗುವ ತನಕ ಗೊತ್ತಾಗಲಿಲ್ಲ. ನಜ್ಜುಗುಜ್ಜಾಗಿ ಸತ್ತೆ. ಆಗ ಹೊಳೆಯಿತು: ಇಲ್ಲಿ ತುಂಬುವ ಮರಳು ಅಲ್ಲಿ ಖಾಲಿಯಾಗುತ್ತಿರಬೇಕು! ಮುಂದಿನ ಸಲ ನೇರವಾಗಿ ಆಶ್ ಟ್ವಿನ್‌ಗೆ ಹೋಗಿ ಕಾದೆ. ಮರಳಿನೊಳಗಿಂದ ಗೋಪುರಗಳು ಒಂದೊಂದಾಗಿ ತಲೆಯೆತ್ತಿದವು. ಯಾರೂ ಹೇಳಿಕೊಡದ ಪಾಠ ಅದು. ನನಗೆ ರೋಮಾಂಚನವಾಗಿತ್ತು.

ಇನ್ನು ನೀನು ಹೇಳಿದ್ದು. ಡಾರ್ಕ್ ಬ್ರ್ಯಾಂಬಲ್ ಎಂಬ ಮುಳ್ಳುಬಳ್ಳಿಯ ಗ್ರಹದ ಮಂಜಿನಲ್ಲಿ ಆ ದೈತ್ಯ ಮೀನಿನ ಬಾಯಿಗೆ ಬಿದ್ದರೆ ಮತ್ತೆ ಊರಿಂದಲೇ ಹಾರಿ ಬರಬೇಕು. ಮೊದಲೆರಡು ಸಲ ಭಯ. ಐದನೆಯ ಸಲಕ್ಕೆ ಬರೀ ದಣಿವು. ಹಾದಿ ಗೊತ್ತಿದ್ದವನನ್ನು ಅದೇ ಹಾದಿಯಲ್ಲಿ ಮತ್ತೆ ಮತ್ತೆ ಓಡಿಸುವುದರಿಂದ ಏನೂ ಕಲಿತಂತಾಗುವುದಿಲ್ಲ, ಇಲ್ಲಿ ಆಟ ಸೋತಿದೆ. ನೌಕೆಯ ಸ್ವಯಂಚಾಲನೆ, ದಾರಿಯ ನಡುವೆ ಸೂರ್ಯನಿದ್ದರೂ ನೋಡದೆ ನೇರ ನುಗ್ಗುತ್ತದೆ, ಅದನ್ನು ನಂಬಬೇಡ. ಓದುವಾಗ ಸಮಯ ಓಡುತ್ತದೆ ಎಂಬ ನಿನ್ನ ದೂರಿಗೆ ಮಾತ್ರ ಮದ್ದಿದೆ: ಓದುವಷ್ಟು ಹೊತ್ತು ಕಾಲವನ್ನು ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ.

ಇದರ ದೊಡ್ಡ ಕೊರತೆ ಮುಗಿಸಿದ ಮೇಲೆ ತಿಳಿಯಿತು. ತಿಳಿದದ್ದನ್ನು ಮರೆಯಲಾಗದು, ಹಾಗಾಗಿ ನಾನು ಇದನ್ನು ಮತ್ತೆ ಹೊಸದಾಗಿ ಆಡಲಾರೆ. ನಿನಗೆ ಇನ್ನೂ ಆ ಭಾಗ್ಯ ಉಳಿದಿದೆ. ಮೀನುಗಳನ್ನು ಸದ್ಯಕ್ಕೆ ಬದಿಗಿಡು, ಮರಳಿನ ಗ್ರಹಗಳಿಂದ ಶುರುಮಾಡು. ಅಲ್ಲಿ ಕಂಡದ್ದನ್ನೆಲ್ಲ ನನಗೆ ಬರೆ. ನೀನು ತಪ್ಪಾಗಿ ಊಹಿಸಿದ್ದನ್ನೂ ಬರೆ, ನಾನು ತಿದ್ದುವುದಿಲ್ಲ.

ಕಾಯುತ್ತಿರುವ
ನಿನ್ನ ಗೆಳೆಯ